ತುಂಡಾದ ಮುಂದಿನ ಹಲ್ಲು

ಹಲ್ಲು ತೇಯುವ ಯಂತ್ರವನ್ನು ಡಾಕ್ಟರು ಹತ್ತಿರ ತಂದದ್ದೇ ತಡ, ಸುಶೀಲಾ ಫಕ್ಕನೆ ಬಾಯಿ ಮುಚ್ಚಿಕೊಂಡಳು. ಐವತ್ತರ ದಶಕದ ಮಾತು. ಉಡುಪಿಯಿಂದ ಮುಂಬಯಿಯ ಬೈಕುಲ್ಲಾದ ನಮ್ಮ ಚಾಳಿಗೆ ಬಂದಿದ್ದ ಅವಳಿಗೆ ಹಿಂದಿ ಬಾರದೆಂದು ನಾನು ಜೊತೆಗೆ ಹೋಗಿದ್ದೆ. ತುದಿ ಮುರಿದ ಮುಂದಿನ ಹಲ್ಲಿನೊಳಗೆ ನರ ಬಾತಿತ್ತು. ಡಾಕ್ಟರು ನರ ತೆಗೆದು, ಮದ್ದು ತುಂಬಿ, ಹಲ್ಲು ಉಳಿಸಿದ್ದರು. ಮುರಿದ ಅಂಚನ್ನು ನಯ ಮಾಡುವುದಷ್ಟೇ ಬಾಕಿಯಿತ್ತು.

"ಅದು ಹಾಗೇ ಇರ್ಲಿ ಅಂತ ಹೇಳಿ ಅಕ್ಕಾ. ತೊಡೆಯಲ್ಲಿ ಕುಣಿಯುವಾಗ ನನ್ನ ಮಗುವಿನ ತಲೆ ತಾಗಿ ತುಂಡಾದದ್ದು."

ಆ ಮಗು ತೀರಿಹೋಗಿ ತಿಂಗಳೂ ಆಗಿರಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು. ಎಷ್ಟೋ ವರ್ಷ ಮುಂಬಯಿಯಲ್ಲಿದ್ದ ನನಗೆ ಆ ಮಾತಿಗೆ ಹಿಂದಿ ಹೊರಡಲಿಲ್ಲ, ಬೇಡವೆಂದು ಕೈಯಾಡಿಸಿದೆ.

ಸುಶೀಲಾ ಮತ್ತೆ ನಗಲು ವರ್ಷಗಳೇ ಹಿಡಿದವು. ನಕ್ಕಾಗ ಮೊದಲು ಕಂಡದ್ದು ಆ ಮುರಿದ ತುದಿಯೇ.