ತಾಮ್ರದ ಕೊಡಪಾನವಿದ್ದ ಮನೆಗೆ

ಮೂಡುಬಿದಿರೆಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟೆ. ವೇಣೂರು ದಾರಿಯಾಗಿ ಬೆಳ್ತಂಗಡಿ, ಅಲ್ಲಿಂದ ಚಾರ್ಮಾಡಿಗೆ ಇನ್ನೊಂದು ಬಸ್ಸು. ಎರಡೂ ಸೇರಿ ಎಂಬತ್ತು ರೂಪಾಯಿ. ಚಿಕ್ಕಮ್ಮನ ಮಗಳು, ಒಂಬತ್ತು ವರ್ಷದ ಶ್ರಾವ್ಯಳನ್ನು ರಕ್ತಪರೀಕ್ಷೆಗೆ ಮಂಗಳೂರಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಅವಳ ಅಣ್ಣ ಧನುಷ್ ಅಲ್ಲಿ ಮಲಗಿ ಹನ್ನೊಂದು ದಿನಗಳಾಗಿದ್ದವು. ಚಿಕ್ಕಮ್ಮ ಅವನನ್ನು ಬಿಟ್ಟು ಬರುವಂತಿರಲಿಲ್ಲ.

ಧನುಷ್‌ಗೆ ಹದಿನಾಲ್ಕು. ಕಳೆದ ವರ್ಷ ಕಾಮಾಲೆ ಬಂದಿತ್ತು. ಆಮೇಲೆ ಅಕ್ಷರ ಸೊಟ್ಟಗಾಯಿತು; ಶಾಲೆಯಲ್ಲಿ ಉದಾಸೀನ ಎಂದರು. ಮಾತು ತೊದಲತೊಡಗಿದ ಮೇಲಷ್ಟೇ ತಿಳಿಯಿತು, ಅದು ವಿಲ್ಸನ್ ಕಾಯಿಲೆ. ಆಹಾರದಲ್ಲಿರುವ ತಾಮ್ರವನ್ನು ಹೊರಹಾಕಲು ಬಾರದ ದೇಹ. ಅದು ಯಕೃತ್ತಿನಲ್ಲಿ, ಮೆದುಳಿನಲ್ಲಿ ಸೇರುತ್ತಾ ಹೋಗುತ್ತದೆ. ಒಡಹುಟ್ಟಿದವರಿಗೂ ಇರಬಹುದು, ಲಕ್ಷಣ ಕಾಣುವ ಮೊದಲೇ ಔಷಧ ಆರಂಭಿಸಿದರೆ ಇಷ್ಟು ದೂರ ಹೋಗುವುದಿಲ್ಲ ಎಂದಿದ್ದರು ವೈದ್ಯರು.

ಚಾರ್ಮಾಡಿಗೆ ಇಳಿದಾಗ ಹತ್ತು ಗಂಟೆ. ಘಾಟಿಯ ಮೇಲೆ ಮೋಡವಿತ್ತು, ಮಳೆಯಿರಲಿಲ್ಲ. ಶ್ರಾವ್ಯ ಚೀಲ ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದಳು. ಅವಳ ಅಪ್ಪನ ತಾಯಿಗೆ ಮಾತ್ರ ಮನಸ್ಸಿರಲಿಲ್ಲ.

"ಇವಳಿಗೆ ಎಂಥ ಆಗಿದೆ ಅಂತ ಸೂಜಿ ಚುಚ್ಚುವುದು? ಗುಂಡುಕಲ್ಲಿನ ಹಾಗೆ ಇದ್ದಾಳೆ."

"ನಾನೆಂಥ ಗುಂಡುಕಲ್ಲಾ ಅಜ್ಜಿ?"

"ಬಾಯಿ ನೋಡು ಇವಳದ್ದು."

ಅಜ್ಜಿ ಒಳಗಿನ ತಾಮ್ರದ ಕೊಡಪಾನದಿಂದ ನನಗೊಂದು ಲೋಟ ನೀರು ತಂದರು. "ಕುಡಿ. ನಿನ್ನೆಯೇ ತುಂಬಿಸಿಟ್ಟದ್ದು, ಪಿತ್ತಕ್ಕೆ ಒಳ್ಳೆಯದು. ಕಾಮಾಲೆ ಬಂದಾಗಿನಿಂದ ಅವನಿಗೆ ದಿನಾ ಎರಡು ಚೆಂಬು. ಬೇಡ ಅಂದರೂ ಹಿಡಿದು ಕುಡಿಸ್ತಿದ್ದೆ."

ಈ ಸಂಗತಿ ನನಗೆ ಗೊತ್ತಿರಲಿಲ್ಲ. ಸುಮ್ಮನಿರಬಹುದಿತ್ತು. ಆದರೆ ಶ್ರಾವ್ಯಳೂ ಅದೇ ನೀರು ಕುಡಿಯುತ್ತಿದ್ದಳು. ಲೋಟ ಕೆಳಗಿಟ್ಟು ಕಾಯಿಲೆ ಎಂಥದ್ದೆಂದು ಹೇಳಿದೆ.

ಅಜ್ಜಿ ಒಳಗಿನ ಕೊಡಪಾನದ ಕಡೆ ತಿರುಗಿದರು.

"ನಾನು ಕುಡಿಸಿದ್ದರಿಂದ ಬಂದದ್ದಾ?"

"ಅಲ್ಲ ಅಜ್ಜಿ. ಕಾಯಿಲೆ ಹುಟ್ಟಿನಿಂದಲೇ ಉಂಟು."

"ಜಾಸ್ತಿ ಆದದ್ದು?"

ನಾನು ಕಲಿತದ್ದು ಜೀವರಸಾಯನಶಾಸ್ತ್ರ; ಇಲ್ಲ ಎನ್ನಲಾಗಲಿಲ್ಲ. "ಸ್ವಲ್ಪ ಆಗಿರಬಹುದು" ಎಂದೆ.

ಅಜ್ಜಿ ಕೊಡಪಾನವನ್ನು ಎತ್ತಿಕೊಂಡು ಹೋಗಿ ಅಂಗಳದ ಮೂಲೆಯಲ್ಲಿ ನೀರು ಚೆಲ್ಲಿ, ಬೋರಲು ಹಾಕಿದರು. ಬಾವಿಯಿಂದ ಹೊಸ ನೀರು ಸೇದಿ ಶ್ರಾವ್ಯಳ ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ ಕೊಟ್ಟರು.

"ಕರಕೊಂಡು ಹೋಗು ಮಗಾ. ಬಸ್ಸು ತಪ್ಪಿಸಬೇಡ."

ಬೆಳ್ತಂಗಡಿಯಲ್ಲಿ ಇಬ್ಬರೂ ಬನ್ಸ್ ತಿಂದು ಮಂಗಳೂರಿನ ಬಸ್ಸು ಹತ್ತಿದೆವು. ಶ್ರಾವ್ಯ ಅಣ್ಣನಿಗೊಂದು ಕಾಗದ ಬರೆಯುತ್ತೇನೆಂದು ಪುಸ್ತಕ ತೆಗೆದಳು. ಎರಡು ಸಾಲು ಬರೆದು ತೋರಿಸಿದಳು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು.

"ಬಸ್ಸು ಕುಲುಕ್ತದೆ ಅಕ್ಕ" ಎಂದಳು.

"ಹೌದು, ಕುಲುಕ್ತದೆ."

ಬಂಟ್ವಾಳದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚಾಲಕ ಇಂಜಿನ್ ಆರಿಸಿ ಚಹಾಕ್ಕೆ ಇಳಿದ. ಶ್ರಾವ್ಯ ಪೆನ್ಸಿಲ್ ಹಿಡಿದೇ ಕೂತಿದ್ದಳು. "ಈಗ ಬರೆಯಲಾ?" ಎಂದು ಕೇಳಿದಳು.

ಆಸ್ಪತ್ರೆಯಲ್ಲಿ ಬರೆಯುವ ಎಂದು ಹೇಳಿ, ಪುಸ್ತಕ ಮುಚ್ಚಿ ಅವಳ ಚೀಲದೊಳಗಿಟ್ಟೆ.