ಅಕ್ಕನ ಒಂಬತ್ತು ತಾಟಿನ ಊಟ

ಬೆಳಿಗ್ಗೆ ಐದೂವರೆಗೆ ಎದ್ದು ಹಾಲು ಕಾಸಿದೆ. ತುಳಸಿಗೂ ಕರಿಬೇವಿನ ಕುಂಡಕ್ಕೂ ನೀರು ಹಾಕಿದೆ. ಒಗೆದ ಬಟ್ಟೆಯನ್ನು ಬಾಲ್ಕನಿಯ ತಂತಿಗೆ ಹರವಿದೆ. ಬೆಳ್ಳುಳ್ಳಿ ಸುಲಿದಿಟ್ಟೆ. ಅಕ್ಕನ ಚೀಲದಲ್ಲಿ ಹೊಸ ಸೀರೆಯೊಂದನ್ನು ತುರುಕಿದೆ, ಅವಳು ತೆಗೆದಿಟ್ಟಳು, ಅವಳು ಸ್ನಾನಕ್ಕೆ ಹೋದಾಗ ಮತ್ತೆ ತುರುಕಿದೆ. ತಿಂಡಿಗೆ ಅವಲಕ್ಕಿ ಮಾಡಿದೆ, ಅದೂ ಸ್ವಲ್ಪವೇ. ಮಧ್ಯಾಹ್ನ ಒಂಬತ್ತು ತಾಟಿನ ಊಟಕ್ಕೆ ಹೋಗುವುದಿತ್ತಲ್ಲ!

ನಾವಿರುವುದು ಮಿಯಾಪುರದ ಅಪಾರ್ಟ್‌ಮೆಂಟೊಂದರ ಎಂಟನೆಯ ಮಹಡಿಯಲ್ಲಿ. ಬಾಗಲಕೋಟೆಯಿಂದ ಅಕ್ಕ ಬಂದಿದ್ದಳೆಂದು ನಮ್ಮ ಮನೆಯವರು ಬಾಲಾನಗರದ ಕಾರ್ಖಾನೆಗೆ ಒಂದು ವಾರ ರಜೆ ಹಾಕಿದ್ದರು. ಇಪ್ಪತ್ತೆಂಟು ವರ್ಷದಿಂದ ಇರುವ ಊರಿನಲ್ಲೇ ಮೂವರೂ ಪ್ರವಾಸಕ್ಕೆ ಬಂದವರ ಹಾಗೆ ತಿರುಗಿದೆವು. ಅಬಿಡ್ಸ್‌ನ ರಸ್ತೆಬದಿಯಲ್ಲಿ ಹಳೆಯ ಪುಸ್ತಕ ತಡಕಿದೆವು, ಮೆಟ್ರೊದಲ್ಲಿ ಈ ಕೊನೆಯಿಂದ ಆ ಕೊನೆಗೆ ಸುಮ್ಮನೆ ಹೋಗಿ ಬಂದೆವು.

ಆದರೆ ನನಗೆ ಬೇಕಾಗಿದ್ದದ್ದು ಬೇರೆಯೇ. ಅವ್ವ ತೀರಿಕೊಂಡಾಗ ಅಕ್ಕನಿಗೆ ಹದಿನಾರು, ನನಗೆ ಆರು. ಅಂದಿನಿಂದ ಅವಳು ಎಲ್ಲರಿಗೂ ಬಡಿಸಿ, ಎಲ್ಲರೂ ಎದ್ದ ಮೇಲೆ, ಉಳಿದದ್ದನ್ನು ಆರಿದ ಮೇಲೆ ಉಂಡವಳು. ನನ್ನ ಮನೆಯಲ್ಲಾದರೂ ಕೂರಿಸಿ ಬಡಿಸೋಣವೆಂದರೆ, ಬಂದ ಎರಡನೆಯ ದಿನವೇ ನನ್ನ ಕೈಯಿಂದ ಲಟ್ಟಣಿಗೆ ಕಸಿದುಕೊಂಡಿದ್ದಳು. ಮರುದಿನ ಬೆಳಿಗ್ಗೆ ಅವಳ ಬಸ್ಸು. ಒಂದೇ ಒಂದು ಊಟವನ್ನು ಅಕ್ಕ ಕೂತು, ಬಿಸಿಯಾಗಿ, ತನ್ನ ತಾಟಿನದನ್ನು ತಾನೇ ಉಣ್ಣುವುದನ್ನು ನೋಡಬೇಕೆಂದು ನನಗೆ ಹಟ ಹಿಡಿದಿತ್ತು.

“ಅಡಗಿಮನಿಗೆ ಅಕ್ಕಾರನ್ನ ಬಿಡಲಾರದಂಥಾ ಹೋಟೆಲ್ಲಿಗೆ ಹೋಗೂಣು,” ಎಂದು ಇವರೇ ಜುಬಿಲಿ ಹಿಲ್ಸ್‌ನ ಆ ದೊಡ್ಡ ಹೋಟೆಲಿನಲ್ಲಿ ಮೂರು ಜಾಗ ಹಿಡಿದರು. ಅಲ್ಲಿ ನಾವು ಇದು ಬೇಕು ಅದು ಬೇಕು ಎನ್ನುವ ಹಾಗಿಲ್ಲ. ಅಡುಗೆಯವರು ತಮಗೆ ತೋಚಿದ್ದನ್ನು ಒಂದಾದ ಮೇಲೊಂದು ಕಳಿಸುತ್ತಾರೆ, ನಾವು ಉಣ್ಣುತ್ತಾ ಕೂರಬೇಕು. ಸಸ್ಯಾಹಾರ ಎಂದು ಮೊದಲೇ ತಿಳಿಸಿದ್ದೆವು.

ಮೊದಲ ತಾಟು ಬಂತು. ತಾಟು ಪರಾತದಷ್ಟು, ಅದರ ನಡುವೆ ಎಂಟಾಣೆ ಅಗಲದ, ಜೋಳದ ಹಿಟ್ಟಿನ ಬಟ್ಟಲು, ಅದರೊಳಗೆ ಚೂರು ಬದನೆಕಾಯಿ.

“ಇದೇನ್ ದೇವರ ನೈವೇದ್ಯಕ್ಕ ತಂದಾರೇನವಾ?” ಎಂದಳು ಅಕ್ಕ. ಎಂದವಳೇ ಅದನ್ನೂ ಎರಡು ಮಾಡಿ ಅರ್ಧ ನನ್ನ ತಾಟಿಗೆ ಹಾಕಿದಳು. “ನನಗ ಭಾಳ ಆಗತೈತಿ, ತಿನ್ನು.”

ಎರಡನೆಯದು ಹುಣಸೆ, ಮೆಣಸಿನ ಸಾರು. ಬಡಿಸುವವರು ನಮ್ಮದೇ ವಯಸ್ಸಿನ, ಕನ್ನಡಕದ ಮನುಷ್ಯ. ಹೂಜಿಯಿಂದ ನಮ್ಮಿಬ್ಬರಿಗೆ ಹೊಯ್ದು ಅಕ್ಕನ ಕಡೆ ತಿರುಗಿದರು. ಅಕ್ಕ ಬಟ್ಟಲಿಗೆ ಅಡ್ಡ ಕೈ ಹಿಡಿದಳು. “ಬ್ಯಾಡ್ರಿ ಬ್ಯಾಡ, ಅವರಿಗೆ ಹಾಕ್ರಿ.”

ನಮ್ಮ ಕಡೆಯ ಪಂಕ್ತಿಯಲ್ಲಿ ಒಂದು ಕೈ ಅಡ್ಡ ಬಂದರೆ ಬಡಿಸಿ ಎಂದೇ ಅರ್ಥ. ಎರಡೂ ಕೈ ಬಂದರೆ ಅರ್ಧ ಸೌಟು. ಇಡೀ ಮೈಯನ್ನು ಎಲೆಯ ಮೇಲೆ ಬಾಗಿಸಿದರೆ ಮಾತ್ರ ನಿಜವಾಗಿಯೂ ಸಾಕು. ಬೇಡ ಎನ್ನದೆ ಹಾಕಿಸಿಕೊಂಡರೆ ಆಸೆಬುರುಕರು ಎಂದುಕೊಂಡಾರು ಎಂಬ ಅಂಜಿಕೆ. ಆ ಮನುಷ್ಯನಿಗೆ ಇದೇನು ಗೊತ್ತು? ತಲೆ ಬಾಗಿಸಿ, ಕ್ಷಮೆ ಕೇಳಿ, ಅಕ್ಕನ ಬಟ್ಟಲನ್ನು ಎತ್ತಿಕೊಂಡು ಹೋದರು. ಬಟ್ಟಲು ಬಾಗಿಲು ದಾಟುವವರೆಗೂ ಅಕ್ಕ ಅದನ್ನೇ ನೋಡಿದಳು.

“ಅಯ್ಯ, ಒಯ್ದೇ ಬಿಟ್ಟರಲ್ಲ!”

“ನೀ ಬ್ಯಾಡ ಅಂದಿ, ಒಯ್ದರು.”

“ಬ್ಯಾಡ ಅಂದಕೂಡ್ಲೆ ಒಯ್ಯೂದೇನ? ಇನ್ನೊಮ್ಮೆ ಕೇಳಿದ್ರ ಬಾಯೇನ್ ಸವೀತಿತ್ತು?”

ಮೂರನೆಯ ತಾಟಿನ ಕುಂಬಳಕಾಯಿ ಅರ್ಧ ನನಗೆ, ಅರ್ಧ ಇವರಿಗೆ ಬಂತು. ನಾಲ್ಕನೆಯದರ ಪನೀರು ಪೂರ್ತಿ ನನಗೇ. ನಾಲ್ಕು ತಾಟು ಮುಗಿದರೂ ಅಕ್ಕನ ಹೊಟ್ಟೆಗೆ ಹೋದದ್ದು ಅರ್ಧ ಎಂಟಾಣೆಯಷ್ಟು. ನನಗೆ ಅಳುವೇ ಬರುವಂತಾಯಿತು.

“ಅಕ್ಕಾ, ನಾ ನಿನ್ನ ಇಲ್ಲಿ ಕರಕೊಂಡು ಬಂದದ್ದು ಯಾಕ? ಎಲ್ಲಾ ನನಗ ಹಾಕಿದ್ರ ನೀ ಏನ್ ಉಣ್ಣಾಕಿ?”

“ಅಕ್ಕಾರನ್ನ ಯಾಕ ಬೈತಿ?” ಎಂದರು ಇವರು. “ಅವರು ಮುರಿಯೂದರಾಗ ನಿನ್ನ ತಾಟು ಅಲ್ಲಿಗೆ ಹೋಗಿ ನಿಂತಿರತೈತಿ. ನೋಡಕೋ.”

ನೋಡಿದೆ. ನನ್ನ ತಾಟು ಒಂದು ಗೇಣು ಅಕ್ಕನ ಕಡೆ ಸರಿದು, ಅವಳ ತಾಟಿಗೆ ತಾಗಿ ನಿಂತಿತ್ತು. ಸರಿಸಿದ್ದು ನನ್ನದೇ ಕೈ. ಆರು ವರ್ಷದವಳಿದ್ದಾಗ ಮುಂದೆ ಮಾಡಿದ ತಾಟನ್ನು ನಾನು ಇನ್ನೂ ಹಿಂದಕ್ಕೆ ಎಳೆದುಕೊಂಡಿರಲಿಲ್ಲ.

ಅಷ್ಟರಲ್ಲಿ ಇವರು ಆ ಕನ್ನಡಕದವರನ್ನು ಕರೆದು, ಅಡ್ಡ ಕೈಯ ಲೆಕ್ಕವನ್ನೆಲ್ಲ ತೆಲುಗಿನಲ್ಲಿ ವಿವರಿಸಿದರು. ಅವರು ನಕ್ಕುಬಿಟ್ಟರು. “ಮಾ ಅಮ್ಮ ಕೂಡಾ ಅಂತೇ ಸಾರ್!” ಅವರ ತಾಯಿಯೂ ಹಾಗೇ ಅಂತೆ, ಮೂರು ಸಲ ಕೇಳದೆ ಏನನ್ನೂ ಹಾಕಿಸಿಕೊಳ್ಳುವುದಿಲ್ಲವಂತೆ.

ಐದನೆಯದು ಪುಟ್ಟ ಮಣ್ಣಿನ ಕುಡಿಕೆಯಲ್ಲಿ ಹಬೆಯಾಡುವ ಅನ್ನ, ಮೇಲೆ ಹೊಯ್ಯಲು ಶೇಂಗಾ, ಎಳ್ಳು ಅರೆದ ಗಟ್ಟಿ ಸಾರು, ಇಲ್ಲಿಯವರ ಸಾಲನ್. ಅವರು ಚಮಚ ಹಿಡಿದು ನಿಂತರು.

“ವೇಯನಾ ಅಮ್ಮಾ?” ಹಾಕಲೇ ಎಂದು ಕೇಳಿದರು.

ಅಕ್ಕನ ಕೈ ಅಡ್ಡ ಬಂತು. “ಬ್ಯಾಡ್ರಿ.”

“ಕೊಂಚೆಂ?”

“ಭಾಳ ಆತ್ರಿ, ಸಾಕು.”

ಮೂರನೆಯ ಸಲ ಅವರು ಕೇಳಲೇ ಇಲ್ಲ, ಚಮಚವನ್ನು ಬಾಗಿಸಿದರು. ಅಕ್ಕನ ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ನಡುವೆ ಸಾಲನ್ ಇಳಿಯಿತು. “ಸಾಕು ಸಾಕು” ಎನ್ನುತ್ತಲೇ ಅವಳು ಕುಡಿಕೆಯನ್ನು ಚೂರು ಮುಂದಕ್ಕೆ ತಳ್ಳಿದ್ದನ್ನು ನಾನು ಕಂಡೆ.

ಮರುಕ್ಷಣ ಅವಳ ಚಮಚ ನನ್ನ ಕಡೆ ಬಂತು. ನಾನು ಕುಡಿಕೆ ತಾಟುಗಳನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

“ಏ, ನಿನ್ನ ತಾಟೆಲ್ಲಿ? ತಾ ಇಲ್ಲೆ.”

“ಕೊಡಂಗಿಲ್ಲ.”

“ಸಣ್ಣಾಕಿ ಇದ್ದಾಗೂ ಹಿಂಗ ಹಟ ಮಾಡತಿದ್ದಿ.”

“ಈಗೂ ಮಾಡತೀನಿ. ಉಣ್ಣು, ಆರತೈತಿ.”

ಅಕ್ಕ ಇವರ ತಾಟಿನ ಕಡೆ ನೋಡಿದಳು. ಇವರು ಅದರ ಮೇಲೆ ಕರವಸ್ತ್ರ ಹೊದಿಸಿ, ಗೋಡೆಯ ಚಿತ್ರ ನೋಡತೊಡಗಿದರು. ಹಾಕಲು ಇನ್ನೆಲ್ಲೂ ಜಾಗವಿರಲಿಲ್ಲ. ಅಕ್ಕ ಉಂಡಳು. ಮೊದಲ ತುತ್ತಿಗೆ ನನ್ನನ್ನು ದುರುಗುಟ್ಟಿ ನೋಡಿದಳು, ಎರಡನೆಯದಕ್ಕೆ ಕುಡಿಕೆಯನ್ನು ನೋಡಿದಳು, ಆಮೇಲೆ ಯಾರನ್ನೂ ನೋಡಲಿಲ್ಲ. ಆರನೆಯ ತಾಟಿನ ಬೆಂಡೆಕಾಯಿಯೂ ಹಾಗೇ ಹೋಯಿತು.

ಏಳನೆಯದು ಗಾಜಿನ ಬಟ್ಟಲಲ್ಲಿ ಕೆಂಪು ಹಸಿರಿನ ಐಸು. ನಾಲಿಗೆಗೆ ತಗುಲಿದ್ದೇ ತಡ, ಅಕ್ಕನ ಹುಬ್ಬು ಮೇಲೇರಿತು.

“ಪುಂಡಿಪಲ್ಯ! ಅಯ್ಯ ಇವರ, ಪುಂಡಿಪಲ್ಯದ ಐಸ್ ಕ್ಯಾಂಡಿ ಮಾಡ್ಯಾರಲ್ಲ!”

ಹೌದು, ಇಲ್ಲಿಯವರ ಗೊಂಗೂರವೇ ನಮ್ಮ ಪುಂಡಿಪಲ್ಯ. ಹುಳಿ, ಸಿಹಿ, ಕೊನೆಗೊಂದು ಖಾರ. ಅಕ್ಕ ಬಟ್ಟಲನ್ನು ಕೆರೆದು ತಿಂದಳು. ಚಮಚ ಕೆಳಗಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಇನ್ನೊಂದ ಕೊಡತಾರೇನ್ ಕೇಳು.”

“ಯಾರಿಗೆ?” ಎಂದೆ ರೂಢಿಯಂತೆ. ಅವಳು ಏನು ಕೇಳಿದರೂ ಅದು ಬೇರೆ ಯಾರಿಗೋ ಆಗಿರುತ್ತಿತ್ತು.

“ನನಗ.”

ನನಗೆ ತೆಲುಗೂ ಹೊರಡಲಿಲ್ಲ, ಹಿಂದಿಯೂ ಹೊರಡಲಿಲ್ಲ. ಇವರೇ ಕೈ ಎತ್ತಿ ಕರೆದರು. ಒಂದು ತಾಟನ್ನು ಎರಡು ಸಲ ಕೊಡುವ ಪದ್ಧತಿ ಇಲ್ಲವೆಂದು ಹೇಳುತ್ತಲೇ ಕನ್ನಡಕದವರು ಒಳಗೆ ಹೋಗಿ, ಎರಡು ಬಟ್ಟಲು ಹಿಡಿದು ಬಂದರು. ಅಕ್ಕ ಎರಡನ್ನೂ ತನ್ನ ಮುಂದೆಯೇ ಇರಿಸಿಕೊಂಡಳು. ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ನನ್ನ ಬಾಯಲ್ಲಿ ನೀರೂರುತ್ತಿತ್ತು, ಅವಳು ಒಂದು ಮಾತಿಗೂ “ಬೇಕೇನ?” ಎನ್ನಲಿಲ್ಲ. ನಾನೂ ಕೇಳಲಿಲ್ಲ. ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದು ನಕ್ಕರು.

ನಾಲ್ಕು ಗಂಟೆಗೆ ಮನೆಗೆ ಬಂದೆವು. ಅಂದು ಅಕ್ಕ ಉಂಡದ್ದು: ಜೋಳದ ಬಟ್ಟಲು ಅರ್ಧ, ಕುಡಿಕೆ ಅನ್ನ ಪೂರ್ತಿ, ಬೆಂಡೆಕಾಯಿ, ಪುಂಡಿಪಲ್ಯದ ಐಸು ಮೂರು, ಗಸಗಸೆ ಹಚ್ಚಿದ ಬೆರಳುದ್ದದ ರೊಟ್ಟಿ, ಕೊನೆಗೆ ಖುಬಾನಿ ಎಂಬ ಒಣಹಣ್ಣಿನ ಸಿಹಿ. ಮನೆಯಲ್ಲಿ ಒಂದು ಲೋಟ ಮಜ್ಜಿಗೆ. ಹಾಲ್‌ನಲ್ಲಿ ಚಾಪೆ ಹಾಸಿ ಫ್ಯಾನ್ ಹಾಕಿದೆ. ಮೊದಲು ನಿದ್ದೆ ಹೋದವಳು ಅಕ್ಕ, ಸೆರಗನ್ನು ಮುಖದ ಮೇಲೆ ಎಳೆದುಕೊಂಡು. ಆಮೇಲೆ ಇವರು. ಕೊನೆಗೆ ನಾನು.