ಬೇಲಿ ದಾಟಿ ಬಂದ ಚೆಂಡು

ಸಿಡ್ನಿಯಿಂದ ಮೆಲ್ಬರ್ನ್‌ಗೆ ವಿಮಾನದಲ್ಲಿ ಒಂದೂವರೆ ತಾಸು, ರೈಲಿನಲ್ಲಿ ಹನ್ನೊಂದು. ಟಿಕೆಟ್ ದರದಲ್ಲಿ ಅಂಥ ವ್ಯತ್ಯಾಸವಿರಲಿಲ್ಲ. ನಾನು ರೈಲನ್ನೇ ಹಿಡಿದೆ. ದೇಶ ನೋಡಲು ಬಂದವಳು ಮೋಡ ನೋಡಿಕೊಂಡು ಹೋಗುವುದು ಯಾವ ಜಾಣತನ? ಬೆಳಿಗ್ಗೆ ಸೆಂಟ್ರಲ್ ನಿಲ್ದಾಣ ಬಿಟ್ಟಾಗ ಜಿಟಿಜಿಟಿ ಮಳೆಯಿತ್ತು. ಗೋಲ್ಬರ್ನ್ ದಾಟುವಷ್ಟರಲ್ಲಿ ಬಿಸಿಲು ಸುಡತೊಡಗಿತು.

ಪಕ್ಕದ ಸೀಟಿನಲ್ಲಿ ಜುನ್ ಎಂಬ ಕೊರಿಯಾದ ಯುವಕ ಕೂತಿದ್ದ. ತೊಡೆಯ ಮೇಲೊಂದು ಚರ್ಮದ ದೊಡ್ಡ ಕೈಗವಸು. ನಾನು ಹುಬ್ಬಳ್ಳಿಯ ಹೈಸ್ಕೂಲಿನಲ್ಲಿ ಆಟದ ಟೀಚರ್; ಬಾಯಿ ಮುಚ್ಚಿಕೊಂಡಿರಲು ಸಾಧ್ಯವೇ? ಕೇಳಿಯೇಬಿಟ್ಟೆ. ತನ್ನ ದೇಶದಲ್ಲಿ ಅವನು ವೃತ್ತಿಪರ ಬೇಸ್‌ಬಾಲ್ ತಂಡದ ಔಟ್‌ಫೀಲ್ಡರ್ ಆಗಿದ್ದನಂತೆ. ನಮ್ಮಲ್ಲಿ ಬೌಂಡರಿ ಕಾಯುವವನ ಹಾಗೆ. ಹೆಸರು ಬರತೊಡಗಿದ ಹೊತ್ತಿಗೇ ಸೇನೆಯ ಕರೆ ಬಂತು. ಅಲ್ಲಿ ಗಂಡುಮಕ್ಕಳಿಗೆ ಸೈನಿಕ ಸೇವೆ ಕಡ್ಡಾಯ.

"ಬಂದೂಕು ಹಿಡಿದು ಗಡಿ ಕಾಯುತ್ತಿದ್ದೆ," ಎಂದ, ತಡವರಿಸುವ ಇಂಗ್ಲಿಷಿನಲ್ಲಿ. "ಎಸೆಯೋದು ಮರೆತುಹೋಗಬಾರದು ಅಂತ ಹಿಮದ ಉಂಡೆ ಮಾಡಿ ಕಂಬಕ್ಕೆ ಹೊಡೆಯುತ್ತಿದ್ದೆ. ವಾಪಸ್ ಬಂದಾಗ ನನ್ನ ಜಾಗದಲ್ಲಿ ಬೇರೆಯವನಿದ್ದ."

ಈಗ ಮೆಲ್ಬರ್ನಿನ ಕ್ಲಬ್ಬೊಂದು ಅವನಿಗೆ ಒಂದು ಪಂದ್ಯದ ಅವಕಾಶ ಕೊಟ್ಟಿತ್ತು, ಬರುವ ಶನಿವಾರ. ಚೆನ್ನಾಗಿ ಆಡಿದರೆ ತಂಡದಲ್ಲಿ ಜಾಗ, ಇಲ್ಲವಾದರೆ ಊರಿಗೆ ಮರಳಿ ಮಾವನ ಮೀನಂಗಡಿ. ನೋಡಲು ಬರುತ್ತೇನೆಂದು ಮಾತು ಕೊಟ್ಟೆ. ಸಿಡ್ನಿಯ ಗೆಳತಿ ಕಟ್ಟಿಕೊಟ್ಟ ಡಬ್ಬಿ ತೆಗೆದು ಚಪಾತಿ, ಶೇಂಗಾ ಚಟ್ನಿ ಮುಂದಿಟ್ಟೆ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಇನ್ನೊಂದು ಕೇಳಿದ. ಬಹಳ ಇಷ್ಟವಾದ.

ಮೆಲ್ಬರ್ನಿನಲ್ಲಿ ನಾನು ಇಳಿದುಕೊಂಡದ್ದು ಕ್ರೇಗಿಬರ್ನ್ ಬಡಾವಣೆಯಲ್ಲಿರುವ ನನ್ನ ತಂಗಿ ಸುಧಾಳ ಮನೆಯಲ್ಲಿ. ಶನಿವಾರ ಅವಳೇ ಕಾರು ಓಡಿಸಿದಳು, ಗೊಣಗುತ್ತಲೇ.

"ಅಕ್ಕಾ, ಕ್ರಿಕೆಟ್ ಸ್ಟೇಡಿಯಂ ಅಂದಿದ್ರ ಟೂರ್ ಬುಕ್ ಮಾಡ್ತಿದ್ದೆ. ಇದೇನ್ ಹುಚ್ಚ ನಿಂದು?"

"ಮಾತ್ ಕೊಟ್ಟೇನಿ, ಸುಮ್ನ ನಡಿ."

ಬೆಳಗಿನ ಸೆಕೆ ಮಧ್ಯಾಹ್ನ ಇದ್ದಕ್ಕಿದ್ದಂತೆ ಚಳಿಗಾಳಿಯಾಯಿತು. ಮೈದಾನದ ಬೇಲಿಯಾಚೆಯ ಪ್ರೇಕ್ಷಕರ ಸಾಲಿನಲ್ಲಿ, ಸೀರೆಯ ಮೇಲೆ ಸುಧಾಳ ಜಾಕೆಟ್ ಹಾಕಿಕೊಂಡು ಕೂತೆ. ಜುನ್ ಮೊದಲೆರಡು ಸರದಿಯಲ್ಲಿ ಬೀಸಿದ್ದೆಲ್ಲ ಗಾಳಿಗೆ. ದೇವರೇ, ಮೀನಂಗಡಿಯೇ ಗತಿಯಾಯಿತಲ್ಲ ಎಂದುಕೊಂಡೆ. ಮೂರನೆಯ ಸರದಿಯಲ್ಲಿ ಠಪ್ಪೆಂದಿತು. ಚೆಂಡು ಬೇಲಿ ದಾಟಿ ನೇರ ನಮ್ಮತ್ತ ಬಂತು. ಎದ್ದು ಬರಿಗೈಯಲ್ಲೇ ಹಿಡಿದೆ. ಸುತ್ತಲಿನವರು ಹೋ ಎಂದು ಚಪ್ಪಾಳೆ ತಟ್ಟಿದರು. ಆಟ ನಿಲ್ಲಬಾರದಲ್ಲ, ಹುಬ್ಬಳ್ಳಿಯಲ್ಲಿ ಮಾಡುವ ಹಾಗೆ ಮರುಕ್ಷಣವೇ ಮೈದಾನಕ್ಕೆ ಎಸೆದೆ. ಚಪ್ಪಾಳೆ ನಿಂತುಹೋಯಿತು.

ಹಿಂದಿನ ಸಾಲಿನವರು ವಿವರಿಸಿದ್ದನ್ನು ಕೇಳಿ ಸುಧಾ ಹಣೆ ಬಡಿದುಕೊಂಡಳು. "ಅಯ್ಯ ಅಕ್ಕಾ! ಇಲ್ಲೆ ಬಾಲ್ ಹಿಡದವ್ರಿಗೇ ಅಂತ. ಹೊಳ್ಳಿ ಒಗದ್ರ ಹೊಡದಾವ್ಗ ಅವಮಾನ ಮಾಡಿದಂಗಂತ!"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಹುಡುಗನ ಒಂದೇ ಒಂದು ಒಳ್ಳೆಯ ಹೊಡೆತ, ಅದನ್ನೂ ಕೆಡಿಸಿದೆನಲ್ಲ!

ಪಂದ್ಯ ಮುಗಿದ ಮೇಲೆ ಜುನ್ ಬೇಲಿಯ ಬಳಿ ಓಡಿಬಂದ. ನಾನು ಕ್ಷಮೆ ಕೇಳುವ ಮೊದಲೇ ಜೇಬಿನಿಂದ ಅದೇ ಚೆಂಡು ತೆಗೆದ.

"ಸೀಸನ್ ಪೂರ್ತಿ ಇರು ಅಂದರು!" ಎಂದ. "ಸೇನೆಯಿಂದ ಬಂದಮೇಲೆ ಬೇಲಿ ದಾಟಿಸಿದ್ದು ಇದೇ ಮೊದಲು. ಅಮ್ಮನಿಗೆ ಕಳಿಸಬೇಕು ಅನ್ನೋ ಆಸೆ. ಯಾರ ಪಾಲಾಯಿತೋ, ಹೇಗೆ ಕೇಳಲಿ ಅಂತ ರನ್ನಿಗಾಗಿ ಸುತ್ತು ಓಡುವಾಗಲೇ ಚಿಂತೆ ಹತ್ತಿತ್ತು. ಅಷ್ಟರಲ್ಲಿ ನೀವು ಎಸೆದುಬಿಟ್ಟಿರಿ!"

ಆಮೇಲೆ ಪೆನ್ನು ನನ್ನ ಕೈಗಿಟ್ಟ. "ಸಹಿ ಹಾಕಿ. ಹಿಡಿದವರು ಯಾರು ಅಂತ ಅಮ್ಮ ಕೇಳೇ ಕೇಳುತ್ತಾಳೆ."

ಕನ್ನಡದಲ್ಲೇ ಬರೆದೆ: ಸರೋಜಾ ಟೀಚರ್, ಹುಬ್ಬಳ್ಳಿ. ಚೆಂಡು ಹಿಡಿದ ಅಂಗೈ ಆಗಲೇ ಊದತೊಡಗಿತ್ತು, ಅಕ್ಷರ ಸೊಟ್ಟಗಾಯಿತು.

ವಾರದ ನಂತರ ಊರಿಗೆ ಹೊರಟಾಗಲೂ ಅಂಗೈ ಊದಿಕೊಂಡೇ ಇತ್ತು. ವಿಮಾನ ಮೇಲೇರುವಾಗ ಆ ಮೈದಾನಕ್ಕಾಗಿ ಕಿಟಕಿಯಲ್ಲಿ ಹುಡುಕಿದೆ, ಕಾಣಲಿಲ್ಲ. ನಾನಿನ್ನೂ ಹುಬ್ಬಳ್ಳಿ ಮುಟ್ಟಿರಲಿಲ್ಲ. ಹೊರಡುವ ಮುಂಚೆ ಬಂದ ಜುನ್‌ನ ಮೆಸೇಜಿನ ಪ್ರಕಾರ, ನನ್ನ ಸಹಿ ಆಗಲೇ ಕೊರಿಯಾದ ಆ ತಾಯಿಯ ಮನೆ ಮುಟ್ಟಿತ್ತು.